ಏಕಾಂಗಿ ಅರ್ಥಶಾಸ್ತ್ರಜ್ಞ ಬಿ. ಆರ್. ಶೆಣೈ

ಭಾರತದ ಯೋಜನಾ ಯುಗದ ಅರ್ಥಶಾಸ್ತ್ರಜ್ಞರು ಯಾರೆಂದು ಕೇಳಿದರೆ ಮಹಾಲನೋಬಿಸ್, ಗಾಡಗೀಳ, ವಿ. ಕೆ. ಆರ್. ವಿ. ರಾವ್ ಮೊದಲಾದವರ ಹೆಸರುಗಳು ನಮ್ಮ ನಾಲಗೆಯ ಮೇಲೆ ತಟ್ಟನೆ ಬರುತ್ತವೆ. ಆ ಕಾಲದಲ್ಲಿ ಅವರೆಲ್ಲರಿಗೂ ಎದುರಾಗಿ ಒಬ್ಬರೇ ನಿಂತು ಪ್ರಸಿದ್ಧರಾದ ಪ್ರೊ. ಬೆಳ್ಳಿಕೋತ್ ರಘುನಾಥ ಶೆಣೈಯವರು ನಮ್ಮ ಕರಾವಳಿಯವರೇ ಎಂಬುದನ್ನು ಬಲ್ಲವರು ವಿರಳ. ಅವರ ಮತವನ್ನು ಒಪ್ಪುವವರಿಗೂ ಒಪ್ಪದವರಿಗೂ ಅವರ ಜೀವನದಲ್ಲಿ ಕಲಿಯಬೇಕಾದ ಪಾಠವೊಂದಿದೆ.

ಶೆಣೈಯವರು 1905ರ ಜೂನ್ 3ರಂದು ಬೆಳ್ಳಿಕೋತಿನಲ್ಲಿ ಜನಿಸಿದರು. ಕಾಞಂಗಾಡಿನ ಸಮೀಪದ ಈ ಹಳ್ಳಿ ಅಂದು ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರಲ್ಲಿ ಕಾಸರಗೋಡಿನೊಡನೆ ಕೇರಳಕ್ಕೆ ಹೋಯಿತು. ಅವರು ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿದರು. ಗಾಂಧೀಜಿಯವರ ಪ್ರಭಾವಕ್ಕೊಳಗಾಗಿ ಸ್ವಾತಂತ್ರ್ಯ ಚಳವಳಿಯಲ್ಲಿ ಸೇರಿ ಸೆರೆವಾಸವನ್ನೂ ಅನುಭವಿಸಿದರು. ಅನಂತರ ಲಂಡನ್ನಿನ ಅರ್ಥಶಾಸ್ತ್ರ ಶಾಲೆಗೆ ತೆರಳಿದರು. 1931ರಲ್ಲಿ ಅಲ್ಲಿ ಹಾಯೆಕ್ ಎಂಬ ಆಸ್ಟ್ರಿಯನ್ ವಿದ್ವಾಂಸರು ಹಣ ಮತ್ತು ಬೆಲೆಗಳ ಮೇಲೆ ನೀಡಿದ ಉಪನ್ಯಾಸಗಳು ಈ ತರುಣನ ಮನಸ್ಸಿನಲ್ಲಿ ಆಳವಾಗಿ ನಾಟಿದವು. ಅಮೆರಿಕದ ಹಾರ್ವರ್ಡಿನ ಪ್ರತಿಷ್ಠಿತ ತ್ರೈಮಾಸಿಕದಲ್ಲಿಯೂ ಅವರ ಲೇಖನಗಳು ಪ್ರಕಟವಾದವು. ಮುಂದೆ ಅವರು ಸಿಂಹಳದಲ್ಲಿ ಅಧ್ಯಾಪಕರಾದರು, 1945ರಲ್ಲಿ ರಿಸರ್ವ್ ಬ್ಯಾಂಕನ್ನು ಸೇರಿದರು, 1954ರಲ್ಲಿ ಅಹಮದಾಬಾದಿನ ಗುಜರಾತ್ ವಿಶ್ವವಿದ್ಯಾಲಯದ ಸಮಾಜವಿಜ್ಞಾನ ಶಾಲೆಯ ನಿರ್ದೇಶಕರಾದರು.

ಅವರ ಜೀವನದ ದೊಡ್ಡ ಪರೀಕ್ಷೆ ಬಂದುದು 1955ರಲ್ಲಿ. ಎರಡನೆಯ ಪಂಚವಾರ್ಷಿಕ ಯೋಜನೆಯ ಕರಡನ್ನು ಪರಿಶೀಲಿಸಲು ಅರ್ಥಮಂತ್ರಿ ಸಿ. ಡಿ. ದೇಶಮುಖರ ಅಧ್ಯಕ್ಷತೆಯಲ್ಲಿ ದೇಶದ ಹೆಸರಾಂತ ಅರ್ಥಶಾಸ್ತ್ರಜ್ಞರ ಮಂಡಳಿಯೊಂದು ಸೇರಿತು. ಸರ್ಕಾರಿ ವಲಯಕ್ಕೆ 4,800 ಕೋಟಿ ರೂಪಾಯಿಗಳ ವೆಚ್ಚ. ಅದರಲ್ಲಿ 1,200 ಕೋಟಿ ಖೋತಾ ಹಣದಿಂದ, ಎಂದರೆ ಬಹುಮಟ್ಟಿಗೆ ಹೊಸ ನೋಟುಗಳಿಂದ, ಬರತಕ್ಕದ್ದೆಂದು ಯೋಜನೆಯಾಯಿತು. ಉಳಿದವರೆಲ್ಲರೂ ಕರಡಿಗೆ ಸಮ್ಮತಿಯಿತ್ತರು. ಶೆಣೈಯವರೊಬ್ಬರೇ ಭಿನ್ನಮತದ ಟಿಪ್ಪಣಿಯನ್ನು ಬರೆದುಕೊಟ್ಟರು.

ಅವರ ವಾದ ಸರಳವಾಗಿತ್ತು. ಜನರ ಉಳಿತಾಯಕ್ಕಿಂತ ಮಿಗಿಲಾದ ವೆಚ್ಚವನ್ನು ಯೋಜನೆಯಲ್ಲಿ ಬರೆದಿಡಬಹುದು; ಸರಕು ಮಾತ್ರ ಅದರಿಂದ ಹುಟ್ಟುವುದಿಲ್ಲ. ಸರಕು ಇದ್ದಷ್ಟೇ ಇದ್ದು ನೋಟು ಹೆಚ್ಚಿದರೆ ಬೆಲೆಗಳು ಏರುತ್ತವೆ. ಏರಿದ ಬೆಲೆ ಯಾವ ಶಾಸನಸಭೆಯೂ ಮಂಜೂರು ಮಾಡದ ಒಂದು ತೆರಿಗೆ. ಅದನ್ನು ತೆರುವವನು ಬಡವ. ನಾನು ಶಹಾಬಾದ್ ಕಲ್ಲಿನ ಗಣಿಯ ಕೂಲಿಯಿಂದ ಬದುಕುವ ಮನೆಯಲ್ಲಿ ಹುಟ್ಟಿದವನು. ಜೋಳದ ಬೆಲೆ ಇಂದು ಏರಿದರೆ ಕೂಲಿ ಏರುವುದು ಎಷ್ಟೋ ತಿಂಗಳ ಮೇಲೆ ಎಂಬುದನ್ನು ನನಗೆ ಪುಸ್ತಕವು ಹೇಳಿಕೊಡಬೇಕಾಗಿರಲಿಲ್ಲ. ಆದುದರಿಂದ ಈ ವಾದವು ಶ್ರೀಮಂತರ ಪಕ್ಷಪಾತವೆಂದು ನನಗೆ ತೋರಲಿಲ್ಲ.

ಬೆಲೆಗಳನ್ನೂ ಹಂಚಿಕೆಯನ್ನೂ ಕಾನೂನಿನಿಂದ ಬಿಗಿಹಿಡಿಯುವುದನ್ನೂ ಅವರು ವಿರೋಧಿಸಿದರು. ಲೈಸೆನ್ಸ್ ಮತ್ತು ಪರ್ಮಿಟ್ಟುಗಳಿಂದ ಲಾಭವು ದುಡಿದವನಿಗೆ ದೊರೆಯದೆ ಕಾಗದ ಪಡೆದವನಿಗೆ ಸೇರುತ್ತದೆಂದು ಎಚ್ಚರಿಸಿದರು. ನಮ್ಮ ವಾಡಿ, ಶಹಾಬಾದುಗಳಲ್ಲಿ ಸಿಮೆಂಟು ತಯಾರಾಗುತ್ತಿದ್ದರೂ ನಿಗದಿಯಾದ ಬೆಲೆಗೆ ಒಂದು ಚೀಲ ಬೇಕಾದರೆ ಪರ್ಮಿಟ್ಟಿಗಾಗಿ ಅಲೆಯಬೇಕಾಗಿತ್ತೆಂದು ನಮ್ಮ ಹಿರಿಯರು ಇಂದಿಗೂ ಹೇಳುವುದುಂಟು. ಆ ನಿಯಂತ್ರಣವು 1982ರಲ್ಲಿ ಭಾಗಶಃ, 1989ರಲ್ಲಿ ಪೂರ್ಣವಾಗಿ ತೊಲಗಿತು.

ಶೆಣೈಯವರ ಎಚ್ಚರಿಕೆ ಬಹುಬೇಗ ನಿಜವಾಯಿತು. 1957ರಲ್ಲಿಯೇ ವಿದೇಶಿ ವಿನಿಮಯದ ಮುಗ್ಗಟ್ಟು ತಲೆದೋರಿತು. 1966ರ ಜೂನಿನಲ್ಲಿ ರೂಪಾಯಿಯ ಅಪಮೌಲ್ಯವಾಗಿ, ಡಾಲರಿನ ಬೆಲೆ 4.76ರಿಂದ 7.50 ರೂಪಾಯಿಗೆ ಏರಿತು. ಆದರೂ ಅಧಿಕಾರದಲ್ಲಿದ್ದವರು ಅವರಿಗೆ ಕಿವಿಗೊಡಲಿಲ್ಲ.

ಸರ್ಕಾರದ ಮಂಡಳಿಗಳಲ್ಲಿ ತಮ್ಮ ಮಾತಿಗೆ ಎಡೆಯಿಲ್ಲದಿರಲು ಅವರು 1968ರಲ್ಲಿ ವಿಶ್ವವಿದ್ಯಾಲಯವನ್ನು ಬಿಟ್ಟು ದೆಹಲಿಯಲ್ಲಿ ಅರ್ಥಶಾಸ್ತ್ರ ಸಂಶೋಧನ ಕೇಂದ್ರವನ್ನು ಸ್ಥಾಪಿಸಿದರು. ಮುಕ್ತ ಮಾರುಕಟ್ಟೆಯ ಪರವಾಗಿ ಚಿಂತಿಸುವ ಖಾಸಗಿ ಸಂಸ್ಥೆಗಳು ನಮ್ಮ ದೇಶದಲ್ಲಿ ಆಗ ಬೆರಳೆಣಿಕೆಯಷ್ಟು. ಮುಂಬಯಿಯಲ್ಲಿ ಎ. ಡಿ. ಶ್ರಾಫರು 1956ರಲ್ಲಿ ಸ್ಥಾಪಿಸಿದ ಫೋರಂ ಆಫ್ ಫ್ರೀ ಎಂಟರ್‌ಪ್ರೈಸ್ ಅವುಗಳಲ್ಲಿ ಪ್ರಮುಖವಾದುದು. ಶ್ರಾಫರು ಟಾಟಾ ಸಂಸ್ಥೆಯ ಹಿರಿಯರು. ಅವರ ಬೆನ್ನಿಗೆ ಉದ್ಯಮಿಗಳ ಬಳಗವಿತ್ತು. ಶೆಣೈಯವರು ಅಧ್ಯಾಪಕರು, ಅವರ ಬಂಡವಾಳ ಲೇಖನಿಯೊಂದೇ. ಇನ್ನೊಂದು ಕಡೆ, 1955ರ ಮಂಡಳಿಯಲ್ಲಿದ್ದ ವಿ. ಕೆ. ಆರ್. ವಿ. ರಾಯರು 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಸರ್ಕಾರಿ ನೆರವಿನಿಂದ ಕಟ್ಟಿದರು.

ಇಲ್ಲಿ ವಿಚಾರವಂತರನ್ನು ಕಾಡುವ ಪ್ರಶ್ನೆಯೊಂದಿದೆ. ಸರ್ಕಾರದ ಹಣದಿಂದ ನಡೆವ ಸಂಸ್ಥೆ ಸರ್ಕಾರವನ್ನೂ, ವರ್ತಕರ ಹಣದಿಂದ ನಡೆವ ಸಂಸ್ಥೆ ವರ್ತಕರನ್ನೂ ಟೀಕಿಸಬಲ್ಲುದೆ? ನಮ್ಮ ಸನ್ನತಿಯ ನೆರೆಯ ಕನಗನಹಳ್ಳಿಯ ಸ್ತೂಪದಲ್ಲಿ ದಾನಿಗಳ ಹೆಸರುಗಳನ್ನು ಕಲ್ಲಿನಲ್ಲಿಯೇ ಕೊರೆಯಲಾಗಿದೆ. ಯಾರು ಕೊಟ್ಟರೆಂಬುದನ್ನು ಎರಡು ಸಾವಿರ ವರ್ಷಗಳಷ್ಟು ಹಿಂದಿನ ಜನರು ಬಚ್ಚಿಡಲಿಲ್ಲ. ಈ ಕಾಲದ ವಿಚಾರ ಸಂಸ್ಥೆಗಳಿಗೂ ಅದೇ ಮೊದಲನೆಯ ನಿಯಮವಾಗಬೇಕು. ಎರಡನೆಯದಕ್ಕೆ ಶೆಣೈಯವರೇ ನಿದರ್ಶನ. ಮುಕ್ತ ವ್ಯಾಪಾರವನ್ನು ಅವರು ಎತ್ತಿಹಿಡಿದರು. ಆದರೆ ಆಮದು ಲೈಸೆನ್ಸಿನ ಮರೆಯಲ್ಲಿ ಕೊಬ್ಬಿದ ವ್ಯಾಪಾರಿಗಳನ್ನು ಬಿಡಲಿಲ್ಲ.

ನನ್ನ ಮನಸ್ಸಿನಲ್ಲಿ ಒಂದು ಸಂದೇಹವು ಉಳಿದೇ ಇದೆ. ಸರ್ಕಾರಿ ಶಾಲೆ, ಸರ್ಕಾರಿ ವಿದ್ಯಾರ್ಥಿನಿಲಯ, ಈ ಸರ್ಕಾರಿ ಕಾಲೇಜು ಇಲ್ಲದಿದ್ದರೆ ನಮ್ಮ ಮನೆತನದ ಮೊದಲನೆಯ ಪದವೀಧರನಾಗುವ ಭಾಗ್ಯ ನನಗೆಲ್ಲಿಂದ ಬರುತ್ತಿತ್ತು? ನಮ್ಮ ಭಾಗದ ಹಳ್ಳಿಗೆ ಮಾರುಕಟ್ಟೆ ತಾನಾಗಿಯೇ ಶಾಲೆಯನ್ನು ತರಲಿಲ್ಲ. ಆದರೆ ಬೊಕ್ಕಸದ ಹಣದ ಬೆಲೆ ಕರಗಿದರೆ ಆ ಶಾಲೆಯೂ ಸೊರಗುತ್ತದೆಂಬುದನ್ನು ಶೆಣೈಯವರಿಂದಲೇ ತಿಳಿದೆನು.

ಅವರು 1978ರ ಫೆಬ್ರವರಿ 8ರಂದು ತೀರಿಕೊಂಡರು. 1991ರಲ್ಲಿ ದೇಶವು ಲೈಸೆನ್ಸ್ ಪದ್ಧತಿಯನ್ನು ಬಹುಮಟ್ಟಿಗೆ ಕೈಬಿಟ್ಟುದನ್ನು ಕಾಣುವ ಅವಕಾಶ ಅವರಿಗೆ ಒದಗಲಿಲ್ಲ. ಮಂಡಳಿಯಲ್ಲಿ ಎಲ್ಲರೂ ಒಂದು ಕಡೆ ಇರುವಾಗ ತಾನು ಕಂಡ ಲೆಕ್ಕವನ್ನು ವಿನಯದಿಂದ ಬರೆದಿಟ್ಟು ಬರುವ ಧೈರ್ಯ ನಮ್ಮ ವಿದ್ಯಾರ್ಥಿ ಮಿತ್ರರಲ್ಲಿ ಒಬ್ಬಿಬ್ಬರಿಗಾದರೂ ಬಂದರೆ ಅವರ ಸ್ಮರಣೆ ಸಾರ್ಥಕ.