ಸಂಶಯಪಟ್ಟ ಶಿಷ್ಯ

ಚೆನ್ನೈನ ಸೈದಾಪೇಟೆಯಲ್ಲಿ, ಅಡ್ಯಾರ್ ನದಿಯ ಹತ್ತಿರ, ಚಿನ್ನಮಲೈ ಎಂಬ ಪುಟ್ಟ ಗುಡ್ಡವಿದೆ. ಅಲ್ಲಿ ಚರ್ಚಿನ ಜೊತೆಗೆ ಒಂದು ಸಣ್ಣ ಗವಿ. ಯೇಸುವಿನ 12 ಶಿಷ್ಯರಲ್ಲಿ ಒಬ್ಬರಾದ ಸಂತ ತೋಮಸರು ಕೊಲ್ಲಲು ಬಂದವರಿಂದ ಅಡಗಿದ್ದು ಇಲ್ಲಿಯೇ ಎಂದು ನಂಬಿ ಯಾತ್ರಿಕರು ಬರುತ್ತಾರೆ. ಉದ್ಯೋಗಕ್ಕೆಂದು ಚೆನ್ನೈಗೆ ಬಂದ ನಾನು ಗವಿ ನೋಡಿದ ಮೇಲೆ ಅವರ ಚರಿತ್ರೆ ಓದಿದೆ.

ತೋಮಸ್ ಎಂದರೆ ಅರಾಮಿಕ್ ಭಾಷೆಯಲ್ಲಿ ಅವಳಿ. ಅವರ ಸ್ವಭಾವ ತಿಳಿಯುವುದು ಯೋಹಾನನ ಸುವಾರ್ತೆಯಿಂದ. ಯೂದಾಯಕ್ಕೆ ಮರಳಿದರೆ ಜನ ಕಲ್ಲೆಸೆದು ಕೊಂದಾರು ಎಂದು ಉಳಿದವರು ಅಂಜಿದಾಗ, ಗುರುವಿನೊಡನೆ ಸಾಯಲು ತಾವೂ ಹೋಗೋಣ ಎಂದವರು ಅವರು. ಕಡೆಯ ಭೋಜನದ ರಾತ್ರಿ, ತಾನು ಹೋಗುವ ದಾರಿ ನಿಮಗೆ ಗೊತ್ತಿದೆ ಎಂದು ಗುರು ಹೇಳಿದಾಗ, ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದವರೂ ಅವರೇ. ಯೇಸು ಸತ್ತು ಎದ್ದು ಬಂದರೆಂದು ಗೆಳೆಯರು ಹೇಳಿದರೆ, ಗಾಯ ಮುಟ್ಟಿ ನೋಡದೆ ನಂಬಲಾರೆ ಎಂದರು. ಎಂಟು ದಿನಗಳ ಮೇಲೆ ಕಣ್ಣಾರೆ ಕಂಡು ನಂಬಿದರು.

ಹೀಗೆ ಸಂಶಯಪಟ್ಟವರೇ ಬಹುದೂರ ನಡೆದರು. ಕೇರಳದ ಕ್ರೈಸ್ತರ ಪರಂಪರೆಯಂತೆ ಅವರು ಕ್ರಿ.ಶ. 52ರಲ್ಲಿ ಕೊಡುಂಗಲ್ಲೂರಿನ ಕಡೆ ಹಡಗಿನಿಂದಿಳಿದರು. 72ರಲ್ಲಿ ಇಂದಿನ ಚೆನ್ನೈ ಬಳಿ ಈಟಿಗೆ ಬಲಿಯಾದರು. ಸಮಾಧಿ ಮೈಲಾಪುರದಲ್ಲಿದೆ. ಅರಮನೆ ಕಟ್ಟಲು ಗೊಂಡೋಫರ್ನೀಸ್ ಎಂಬ ರಾಜ ಕೊಟ್ಟ ಹಣವನ್ನು ಬಡವರಿಗೆ ಹಂಚಿದರೆಂಬ ಕಥೆಯೂ ಇದೆ. ಆ ರಾಜನ ನಾಣ್ಯಗಳು 19ನೇ ಶತಮಾನದಲ್ಲಿ ವಾಯವ್ಯ ಗಡಿಯ ಕಡೆ ಸಿಕ್ಕವು. ಆದರೆ ತೋಮಸರು ದಕ್ಷಿಣಕ್ಕೆ ಬಂದರೇ ಎಂಬುದನ್ನು ಇತಿಹಾಸಕಾರರು ಇಂದಿಗೂ ಚರ್ಚಿಸುತ್ತಾರೆ.

ಸಮಾಧಿಗೆ ಕ್ರೈಸ್ತರೂ ಮುಸ್ಲಿಮರೂ ಬರುತ್ತಾರೆಂದು 13ನೇ ಶತಮಾನದ ಮಾರ್ಕೊ ಪೋಲೊ ಬರೆದಿದ್ದಾನೆ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂ, ಮುಸ್ಲಿಂ ಇಬ್ಬರೂ ನಡೆದುಕೊಳ್ಳುವುದನ್ನು ಕಂಡು ಬೆಳೆದ ನಮಗೆ ಇದು ಹೊಸದಲ್ಲ. ಗವಿಯ ಬಳಿ ಪೋರ್ಚುಗೀಸರು ಚರ್ಚು ಕಟ್ಟಿದ್ದು 1551ರಲ್ಲಿ.

ನನ್ನ ಕೆಲಸವೂ ಸಂಶಯಪಡುವುದೇ. ಬೇರೆಯವರು ಬರೆದ ಸಾಫ್ಟ್‌ವೇರ್ ಸರಿಯಿದೆ ಎಂದರೂ ನಡೆಸಿ ನೋಡದೆ ಒಪ್ಪುವಂತಿಲ್ಲ, ಅದಕ್ಕೇ ಸಂಬಳ. ತರಗತಿಯಲ್ಲಿ ಹಾಗೆ ಮಾಡಿದವರಿಗೆ ಮಾತ್ರ ತಲೆಹರಟೆ ಎಂಬ ಹೆಸರು. ನನ್ನ ಜೊತೆ ಓದಿದ ಕೆಲವರು ತಿಳಿಯಲಿಲ್ಲ ಎನ್ನಲು ನಾಚಿ ಮೊದಲು ಗಣಿತ ಬಿಟ್ಟರು, ಆಮೇಲೆ ಓದನ್ನೇ ಬಿಟ್ಟರು. ಅವರು ಯಾರೂ ದಡ್ಡರಲ್ಲ.

ಈಗ ಓದುತ್ತಿರುವ ತಮ್ಮಂದಿರೇ, ತಂಗಿಯರೇ, ದಾರಿ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ತೋಮಸರ ಪ್ರಶ್ನೆಗೆ ಅವರ ಗುರು ಸಿಟ್ಟಾಗಲಿಲ್ಲ, ಉತ್ತರ ಕೊಟ್ಟರು.