ಠೇವಣಿದಾರರ ಹಿತಚಿಂತಕ ಎಚ್. ವಿ. ಆರ್. ಅಯ್ಯಂಗಾರ್

ಉದ್ಯೋಗವನ್ನರಸಿ ಪರಸ್ಥಳಕ್ಕೆ ಬಂದ ನಮ್ಮವರು ಸಂಬಳದಲ್ಲಿ ಮಿಗಿಸಿದ ನಾಲ್ಕು ಕಾಸನ್ನು ಬ್ಯಾಂಕಿನಲ್ಲಿಟ್ಟು ನೆಮ್ಮದಿಯಿಂದ ನಿದ್ರಿಸುತ್ತಾರೆ. ಆ ನೆಮ್ಮದಿಗೆ ಕಾನೂನಿನ ಆಸರೆ ದೊರೆತ ಕಾಲದಲ್ಲಿ ರಿಸರ್ವ್ ಬ್ಯಾಂಕಿನ ಚುಕ್ಕಾಣಿ ಹಿಡಿದಿದ್ದವರು ಹರವು ವೆಂಕಟನರಸಿಂಹ ವರದರಾಜ ಅಯ್ಯಂಗಾರ್ಯರು. ಹೆಸರಿನ ಮೊದಲಲ್ಲಿರುವ ಹರವು ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ಗ್ರಾಮವೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ.

1902ರಲ್ಲಿ ಜನಿಸಿದ ಅವರು ಐ.ಸಿ.ಎಸ್. ಅಧಿಕಾರಿಗಳಾಗಿ, ಸಂವಿಧಾನ ಸಭೆಯ ಕಾರ್ಯದರ್ಶಿಗಳಾಗಿ, ಪ್ರಧಾನಿ ನೆಹರೂ ಅವರ ಆಪ್ತ ಕಾರ್ಯದರ್ಶಿಗಳಾಗಿ, ಕೇಂದ್ರದ ಗೃಹ ಕಾರ್ಯದರ್ಶಿಗಳಾಗಿ ಸೇವೆ ಸಲ್ಲಿಸಿದರು. ಸ್ಟೇಟ್ ಬ್ಯಾಂಕಿನ ಅಧ್ಯಕ್ಷತೆಯ ತರುವಾಯ 1957ರ ಮಾರ್ಚ್ 1ರಂದು ಮುಂಬಯಿಯಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರ್ ಪದವಿಯನ್ನು ವಹಿಸಿಕೊಂಡರು. ಮರುತಿಂಗಳೇ ನಯೇ ಪೈಸೆ ಚಲಾವಣೆಗೆ ಬಂದಿತು.

ನಿಜವಾದ ಪರೀಕ್ಷೆ ಒದಗಿದ್ದು 1960ರಲ್ಲಿ. ಆ ವರ್ಷ ಅಕೋಲದ ಲಕ್ಷ್ಮೀ ಬ್ಯಾಂಕು ಬಿದ್ದಿತು. ಕೇರಳದ ಪಾಲಾ ಪಟ್ಟಣದಲ್ಲಿ ಹುಟ್ಟಿದ ಪಾಲೈ ಸೆಂಟ್ರಲ್ ಬ್ಯಾಂಕು ಆ ರಾಜ್ಯದಲ್ಲೇ ದೊಡ್ಡದು. ಅದು ವಸೂಲಾಗದ ಸಾಲಗಳ ಭಾರದಿಂದ ಒಳಗೊಳಗೇ ಕುಸಿಯುತ್ತಿತ್ತು. ರಿಸರ್ವ್ ಬ್ಯಾಂಕು ವರ್ಷಗಟ್ಟಲೆ ತಪಾಸಣೆ ನಡೆಸಿ ತಿದ್ದಿಕೊಳ್ಳಲು ಸೂಚಿಸುತ್ತಲೇ ಇತ್ತು. ಆದರೆ ರೋಗವನ್ನು ಬಹಿರಂಗವಾಗಿ ಸಾರಿದರೆ ಜನರು ಹಣ ತೆಗೆಯಲು ಮುಗಿಬೀಳುವರು; ಮುಚ್ಚಿಟ್ಟರೆ ಹೊಸ ಠೇವಣಿದಾರರೂ ಅದೇ ಬಲೆಗೆ ಬೀಳುವರು. ಇಂಥ ಇಕ್ಕಟ್ಟಿನಲ್ಲಿ, 1960ರ ಆಗಸ್ಟ್ 8ರಂದು, ಬ್ಯಾಂಕನ್ನು ಮುಚ್ಚಿಸಲು ಕೇರಳ ಹೈಕೋರ್ಟಿಗೆ ಅರ್ಜಿ ಸಲ್ಲಿಸಲಾಯಿತು.

ಸಾವಿರಾರು ಕುಟುಂಬಗಳ ಉಳಿತಾಯ ಸಿಕ್ಕಿಕೊಂಡಿತು. ಭೀತಿ ಕೇರಳದ ಇತರ ಬ್ಯಾಂಕುಗಳಿಗೂ ಹಬ್ಬಿತು. ಅವಸರವಾಯಿತೆಂದು ಕೆಲವರು, ತಡವಾಯಿತೆಂದು ಕೆಲವರು ರಿಸರ್ವ್ ಬ್ಯಾಂಕನ್ನು ದೂರಿದರು. ಎರಡು ಮಾತಿನಲ್ಲಿಯೂ ಸತ್ಯಾಂಶವಿಲ್ಲದಿರಲಿಲ್ಲ. ಬಾಗಿಲು ಮುಚ್ಚಿಸುವುದೊಂದೇ ಮದ್ದಾದರೆ ಅದರ ನೋವು ಬಡ ಠೇವಣಿದಾರನಿಗೇ ಎಂಬುದು ಸ್ಪಷ್ಟವಾಯಿತು.

ಆ ಪಾಠ ವ್ಯರ್ಥವಾಗಲಿಲ್ಲ. ಅದೇ ವರ್ಷ ಕಾನೂನನ್ನು ತಿದ್ದಿ, ದುರ್ಬಲ ಬ್ಯಾಂಕಿನ ವ್ಯವಹಾರವನ್ನು ಕೆಲಕಾಲ ತಡೆಹಿಡಿದು, ಅದನ್ನು ಸದೃಢವಾದ ಬ್ಯಾಂಕಿನೊಡನೆ ವಿಲೀನಗೊಳಿಸಲು ಅವಕಾಶ ಕಲ್ಪಿಸಲಾಯಿತು. 1961ರಲ್ಲಿ ಠೇವಣಿ ವಿಮಾ ನಿಗಮದ ಕಾಯಿದೆ ಬಂದಿತು. 1962ರ ಜನವರಿ 1ರಂದು ನಿಗಮವು ಕಾರ್ಯಾರಂಭ ಮಾಡಿತು. ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ 1,500 ರೂಪಾಯಿಯವರೆಗೆ ರಕ್ಷಣೆ. ವಿಮೆಯ ಕಂತನ್ನು ಕಟ್ಟಬೇಕಾದವರು ಬ್ಯಾಂಕಿನವರೇ. 2020ರಲ್ಲಿ ಆ ಮಿತಿ 5 ಲಕ್ಷ ರೂಪಾಯಿಗೆ ಏರಿತು.

ಎರಡು ತಿಂಗಳ ಬಳಿಕ, 1962ರ ಫೆಬ್ರವರಿ ಕೊನೆಯಲ್ಲಿ, ಅಯ್ಯಂಗಾರ್ಯರು ಪದವಿಯಿಂದ ನಿವೃತ್ತರಾದರು. ಆ ವರ್ಷ ಅವರಿಗೆ ಪದ್ಮವಿಭೂಷಣ ಸಂದಿತು. 1978ರಲ್ಲಿ ಕಾಲವಾದರು. ಇಂದು ಅವರ ಹೆಸರನ್ನು ಬಲ್ಲವರು ವಿರಳ. ಆದರೆ ನಾಡಿನಿಂದ ದೂರವಿದ್ದು ಮಕ್ಕಳ ಓದಿಗೋ ಮದುವೆಗೋ ಹಣ ಕೂಡಿಡುವ ಪ್ರತಿ ಕನ್ನಡ ಕುಟುಂಬವೂ ಅವರ ಕಾಲದಲ್ಲಿ ಕಟ್ಟಿದ ಆ ನೆರಳಿನಲ್ಲಿಯೇ ಇದೆ. ರಾಜ್ಯೋತ್ಸವದ ಈ ಶುಭದಿನದಲ್ಲಿ ಅವರನ್ನು ಕೃತಜ್ಞತೆಯಿಂದ ನೆನೆಯೋಣ.