ಅಡಕೆಯ ತೋಟಕ್ಕೆ ಬಂದ ವೈದ್ಯ

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಲ್ಲಿ ಅಡಕೆಯ ಧಾರಣೆಯನ್ನು ವಿಚಾರಿಸದ ಗೃಹಸ್ಥರು ವಿರಳ. ಬೀರೂರಿನ ಮಂಡಿಯಲ್ಲಿ ಮೂಟೆಯ ತೂಕವನ್ನು ನೋಡುವವರು ಆ ಫಲವು ಮಳೆಗಾಲದಲ್ಲಿ ಯಾವ ಗಂಡಾಂತರವನ್ನು ದಾಟಿ ಬಂದಿತೆಂಬುದನ್ನು ಅಷ್ಟಾಗಿ ಸ್ಮರಿಸುವುದಿಲ್ಲ. ಆ ಗಂಡಾಂತರದ ಹೆಸರು ಕೊಳೆರೋಗ. ಅದಕ್ಕೆ ನಂಬಬಹುದಾದ ಮದ್ದನ್ನು ಮಲೆನಾಡಿನ ರೈತನ ಕೈಗೆ ಕೊಟ್ಟವರು ಡಾಕ್ಟರ್ ಲೆಸ್ಲಿ ಕೋಲ್ಮನ್ನರು. ಹುಟ್ಟಿನಿಂದ ಪರದೇಶೀಯರಾದರೂ ಈ ಮಹನೀಯರ ಚರಿತ್ರೆಯು ಕನ್ನಡಿಗರು ತಮ್ಮದೆಂದು ತಿಳಿಯಬೇಕಾದ ಚರಿತ್ರೆಯಾಗಿದೆ.

ಕೋಲ್ಮನ್ನರು 1878ರಲ್ಲಿ ಕೆನಡಾ ದೇಶದ ಒಂಟಾರಿಯೊ ಪ್ರಾಂತದಲ್ಲಿ ಜನಿಸಿದರು. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ, ಜರ್ಮನಿಯ ಗಟಿಂಗೆನ್ ನಗರದಲ್ಲಿ ಡಾಕ್ಟರ್ ಪದವಿಯನ್ನು ಪಡೆದು, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಸಸ್ಯಗಳ ರೋಗಗಳನ್ನೂ ಕೀಟಗಳನ್ನೂ ಪರೀಕ್ಷಿಸುವುದು ಅವರಿಗೆ ಒಪ್ಪಿಸಿದ ಕಾರ್ಯ. ಆಗ ಮಲೆನಾಡಿನ ತೋಟಗಾರರನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುತ್ತಿದ್ದುದು ಕೊಳೆಯೇ. ಆಷಾಢ ಶ್ರಾವಣಗಳ ಬಿಡದ ಮಳೆಯಲ್ಲಿ ಎಳೆಯ ಕಾಯಿಗಳು ಕಪ್ಪಾಗಿ, ಬಿಳಿಯ ಬೂಷ್ಟು ಹಿಡಿದು, ರಾಶಿ ರಾಶಿಯಾಗಿ ಉದುರುತ್ತಿದ್ದವು. ಗೊನೆಗೊನೆಗೂ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುವುದೊಂದೇ ಹಿರಿಯರು ಕಂಡುಕೊಂಡಿದ್ದ ಉಪಾಯ. ಅದಕ್ಕೆ ತಗಲುವ ಶ್ರಮ ಅಪಾರ. ವರ್ಷದ ಜೀವನವೆಲ್ಲ ಒಂದೇ ಬೆಳೆಯನ್ನು ನೆಚ್ಚಿದ ಕುಟುಂಬಗಳಿಗೆ ಒಂದು ಮಳೆಗಾಲದ ಕೊಳೆಯು ಹಲವು ವರ್ಷಗಳ ಸಾಲವಾಗಿ ಪರಿಣಮಿಸುತ್ತಿದ್ದುದು ಆಶ್ಚರ್ಯವಲ್ಲ.

ಈ ರೋಗವು ಕಣ್ಣಿಗೆ ಕಾಣದ ಒಂದು ಶಿಲೀಂಧ್ರದಿಂದ ಉಂಟಾಗುವುದೆಂದು ಕೋಲ್ಮನ್ನರು ಪ್ರತಿಪಾದಿಸಿ, 1910ರಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದರು. ಅದು ಫೈಟಾಫ್ತೊರ ವರ್ಗಕ್ಕೆ ಸೇರಿದ್ದು. ಇದೇ ವರ್ಗದ ಮತ್ತೊಂದು ಶಿಲೀಂಧ್ರವು ಹಿಂದಿನ ಶತಮಾನದಲ್ಲಿ ಐರ್ಲೆಂಡಿನ ಆಲೂಗಡ್ಡೆಯ ಬೆಳೆಯನ್ನು ನಾಶಮಾಡಿ ಘೋರ ಕ್ಷಾಮವನ್ನು ತಂದಿತ್ತು. ಇಂತಹ ರೋಗಗಳಿಗೆ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1885ರ ಸುಮಾರಿಗೆ ರೂಢಿಗೆ ಬಂದ ಬೋರ್ಡೊ ದ್ರಾವಣವು ಮದ್ದೆಂಬುದು ವಿದ್ವಾಂಸರಿಗೆ ತಿಳಿದಿತ್ತು. ಮೈಲುತುತ್ತವೂ ಸುಣ್ಣವೂ ನೀರೂ ಅದರ ದ್ರವ್ಯಗಳು. ಆದರೆ ಫ್ರಾನ್ಸಿನ ಮಳೆ ಬೇರೆ, ಮಲೆನಾಡಿನ ಮಳೆ ಬೇರೆ. ಸಿಂಪಡಿಸಿದ ಮದ್ದು ನುಣುಪಾದ ಅಡಕೆಯ ಕಾಯಿಯ ಮೇಲೆ ನಿಲ್ಲದೆ ತೊಳೆದುಹೋದರೆ ಶಾಸ್ತ್ರಜ್ಞಾನದಿಂದ ಪ್ರಯೋಜನವೇನು?

ಈ ಪ್ರಶ್ನೆಗೆ ಕೋಲ್ಮನ್ನರು ಕೊಟ್ಟ ಉತ್ತರದಲ್ಲಿ ಅವರ ವಿವೇಕವು ಕಾಣುತ್ತದೆ. ಪೈನ್ ಮರದ ಅಂಟನ್ನು ಕಾಯಿಸಿ ಬಟ್ಟಿಯಿಳಿಸಿದರೆ ಟರ್ಪೆಂಟೈನ್ ತೈಲವು ಆವಿಯಾಗಿ ಬೇರ್ಪಟ್ಟು, ತಳದಲ್ಲಿ ರಾಳವು ಉಳಿಯುತ್ತದೆ. ಆ ರಾಳವನ್ನು ಸೋಡದ ನೀರಿನಲ್ಲಿ ಕುದಿಸಿದರೆ ಒಂದು ಬಗೆಯ ಸಾಬೂನು ಸಿದ್ಧವಾಗುವುದು. ಮನೆಗಳಲ್ಲಿ ಬಳಸುವ ಫಿನೈಲಿನಲ್ಲಿ ತೈಲವನ್ನು ನೀರಿನೊಡನೆ ಬೆರೆಯುವಂತೆ ಮಾಡುವುದೂ ಇಂತಹ ಸಾಬೂನೇ. ಬೋರ್ಡೊ ದ್ರಾವಣದಲ್ಲಿ ಇದನ್ನು ಬೆರೆಸಿದಾಗ ಸುಣ್ಣ ತಾಮ್ರಗಳೊಡನೆ ಕೂಡಿ ನೀರಿನಲ್ಲಿ ಕರಗದ ಪದಾರ್ಥವಾಗಿ ಕಾಯಿಗೆ ಅಂಟಿಕೊಳ್ಳುತ್ತದೆ. ಮಳೆ ಹೊಡೆದರೂ ಮದ್ದು ಬೇಗನೆ ಜಾರದು. ಇದಕ್ಕೆ ದೊಡ್ಡ ಯಂತ್ರಾಗಾರ ಬೇಡ; ತೋಟದ ಮನೆಯ ಒಲೆಯೇ ಸಾಕು.

ಒಲೆ ಸಾಕೆಂದ ಮಾತ್ರಕ್ಕೆ ಅಜಾಗರೂಕತೆಯು ಸಲ್ಲದು. ರಾಳವು ಉರಿಗೆ ತಗಲಿದರೆ ಹೊತ್ತಿಕೊಳ್ಳುವ ವಸ್ತು. ಸೋಡದೊಡನೆ ಕುದಿಯುವಾಗ ನೊರೆಯು ಉಕ್ಕಿ ಬರುವುದು. ಆದಕಾರಣ ಪಾತ್ರೆಯು ದೊಡ್ಡದಾಗಿರಬೇಕು, ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಉರಿ ಸಣ್ಣದಿರಬೇಕು, ಪುಡಿಮಾಡಿದ ರಾಳವನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ತಿಳಿಗಂದು ಬಣ್ಣ ಬರುವವರೆಗೆ ಕದಡುತ್ತಿರಬೇಕು. ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದು. ಬೆರೆಸಿದ ದ್ರಾವಣದಲ್ಲಿ ಹೊಳೆಯುವ ಚಾಕುವಿನ ಅಲಗನ್ನು ಅದ್ದಿದಾಗ ತಾಮ್ರದ ಕೆಂಪು ಕುಳಿತರೆ ಸುಣ್ಣವು ಸಾಲದೆಂದು ತಿಳಿಯಬೇಕು. ಓದುಬರಹ ಬಾರದ ರೈತನೂ ಮಾಡಿ ನೋಡಬಹುದಾದ ಪರೀಕ್ಷೆ ಇದು. ಮುಂಗಾರಿಗೆ ಮೊದಲೊಮ್ಮೆ, ಸುಮಾರು 40 ದಿನಗಳ ಮೇಲೆ ಮತ್ತೊಮ್ಮೆ ಕೊನೆಗಾರನು ಮರವೇರಿ ಸಿಂಪಡಿಸಿದರೆ ಗೊನೆಯು ಉಳಿಯುವುದು.

ಕೋಲ್ಮನ್ನರ ಸೇವೆ ಇಷ್ಟಕ್ಕೇ ಮುಗಿಯಲಿಲ್ಲ. ಸಂಸ್ಥಾನದ ವ್ಯವಸಾಯ ಇಲಾಖೆಯ ಮುಖ್ಯಾಧಿಕಾರಿಗಳಾಗಿ, ನಡುವೆ ಕೆಲಕಾಲ ಟೊರಾಂಟೊದಲ್ಲಿ ಬೋಧಿಸಿದುದನ್ನು ಬಿಟ್ಟರೆ, 1934ರ ವರೆಗೂ ದುಡಿದರು. 1913ರಲ್ಲಿ ಹೆಬ್ಬಾಳದಲ್ಲಿ ವ್ಯವಸಾಯ ಶಾಲೆ ಆರಂಭವಾಯಿತು. ಅಂದು ಕಡೂರು ಜಿಲ್ಲೆಯೆನಿಸಿದ್ದ ಇಂದಿನ ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿಯ ಸಂಶೋಧನಾ ಕೇಂದ್ರವು ಸ್ಥಾಪಿತವಾಯಿತು. ಅಮೃತಮಹಲ್ ದನಗಳ ಆಡಳಿತವು 1923ರಲ್ಲಿ ಇದೇ ಇಲಾಖೆಗೆ ಸೇರಿ, 1929ರಲ್ಲಿ ಅಜ್ಜಂಪುರದ ತಳಿಸಂವರ್ಧನ ಕೇಂದ್ರವು ನೆಲೆಗೊಂಡಿತು. ಸ್ವದೇಶಕ್ಕೆ ಮರಳಿದ ಕೋಲ್ಮನ್ನರು 1954ರಲ್ಲಿ ಕಾಲವಾದರು.

ಆಳುವವರ ಬಣ್ಣದವರೆಂಬ ಕಾರಣದಿಂದ ಅವರನ್ನು ಹೊಗಳುವುದೂ ತೆಗಳುವುದೂ ನ್ಯಾಯವಲ್ಲ. ಮೈಸೂರಿನ ಪ್ರಜೆಗಳು ತೆತ್ತ ಕಂದಾಯದಿಂದ ಸಂಬಳ ಪಡೆದವರು, ಆ ಪ್ರಜೆಗಳ ತೋಟಕ್ಕೆ ಹೋಗಿ, ಅವರ ಒಲೆಯ ಮೇಲೆ ಬೇಯುವಂತಹ ಮದ್ದನ್ನು ಕೊಟ್ಟರೆಂಬುದೇ ಅವರ ಹಿರಿಮೆ. ಕೊಳೆಯು ಇಂದಿಗೂ ನಿರ್ಮೂಲವಾಗಿಲ್ಲ. ಮಳೆ ಬಲವಾದ ವರ್ಷ ಮರಳಿ ಬರುತ್ತದೆ, ರೈತನು ಇಂದಿಗೂ ಬೋರ್ಡೊ ದ್ರಾವಣವನ್ನೇ ಸಿಂಪಡಿಸುತ್ತಾನೆ. ಪ್ರಯೋಗಶಾಲೆಯಲ್ಲಿ ಗೆದ್ದ ಮದ್ದು ಶ್ರಾವಣದ ಮಳೆಯಲ್ಲಿಯೂ ನಿಂತೀತೆ, ಬಡವನ ಕೈಯಲ್ಲಿ ಅಪಾಯವಿಲ್ಲದೆ ಸಿದ್ಧವಾದೀತೆ ಎಂಬ ಎರಡು ಪ್ರಶ್ನೆಗಳನ್ನು ನಮ್ಮ ಅಧಿಕಾರಿಗಳು ತಮ್ಮ ಪ್ರತಿಯೊಂದು ಯೋಜನೆಗೂ ಹಾಕಿಕೊಳ್ಳುವುದಾದರೆ ಕೋಲ್ಮನ್ನರಿಗೆ ಬೇರೆ ಸ್ಮಾರಕವು ಬೇಕಾಗಲಾರದು.